ಕಂಡಕ್ಟರ್ ಕುರ್ಚಿಯಲ್ಲಿ ಕೂತ ಮೇಲೆ ಏರಿದ 15 ಕೆ.ಜಿ.: ಉಡುಪಿಯ ಒಂದು ಪ್ರಕರಣ

ಉಡುಪಿ–ಮಂಗಳೂರು ರೂಟ್‌ನ ಖಾಸಗಿ ಬಸ್ಸಿನಲ್ಲಿ ಇವರು 17 ವರ್ಷ ಕಂಡಕ್ಟರ್ ಆಗಿದ್ದರು. ಎತ್ತರ 168 ಸೆಂಟಿಮೀಟರ್. ಅಷ್ಟೂ ವರ್ಷ ತೂಕ 65–66 ಕೆ.ಜಿ.ಯ ಆಚೀಚೆ ಹೋದದ್ದಿಲ್ಲ. ಆಮೇಲೆ ಮಾಲೀಕರು ಇವರನ್ನು ಆಫೀಸಿಗೆ ಕರೆದು ಕೂರಿಸಿದರು. ಟ್ರಿಪ್ ಶೀಟ್ ನೋಡುವುದು, ಡೀಸೆಲ್ ಲೆಕ್ಕ, ಯಾವ ಬಸ್ಸಿಗೆ ಯಾರ ಡ್ಯೂಟಿ ಎಂದು ಹಾಕುವುದು. ಸಂಬಳವೂ ಸ್ವಲ್ಪ ಜಾಸ್ತಿ, ಮರ್ಯಾದೆಯೂ ಜಾಸ್ತಿ. ಎರಡೂವರೆ ವರ್ಷ ಕಳೆದು ಒಂದು ಜನವರಿಯಲ್ಲಿ ನನ್ನ ಹತ್ತಿರ ಬಂದಾಗ ವಯಸ್ಸು 41, ತೂಕ 81.

ಗುರುತು ಸಿಗಬಾರದೆಂದು ಒಂದೆರಡು ವಿವರ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಉಂಟು.

ಅವತ್ತಿನ ಸಂಖ್ಯೆಗಳು ಹೀಗಿದ್ದವು. ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿದ ತೂಕದ ಲೆಕ್ಕ, 28.7. ನಮ್ಮ ದೇಶದವರಿಗೆ 23 ದಾಟಿದರೆ ಜಾಸ್ತಿ ತೂಕ, 25 ದಾಟಿದರೆ ಬೊಜ್ಜು ಎಂದು ಲೆಕ್ಕ. ಸೊಂಟದ ಸುತ್ತಳತೆ 99 ಸೆಂಟಿಮೀಟರ್. ಗಂಡಸರಿಗೆ 90ರ ಒಳಗಿರಬೇಕು. ಖಾಲಿ ಹೊಟ್ಟೆಯ ಸಕ್ಕರೆ 112, ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ 6.1. ಮಧುಮೇಹ ಬಂದಿಲ್ಲ, ಆದರೆ ಬಾಗಿಲ ಹತ್ತಿರ ಬಂದು ನಿಂತಿದೆ. ಥೈರಾಯ್ಡ್ ಸರಿ ಇತ್ತು. ತೂಕ ಏರಿಸುವ ಮಾತ್ರೆ ಯಾವುದೂ ಇಲ್ಲ. ಕುಡಿಯುವ ಅಭ್ಯಾಸವೂ ಇಲ್ಲ.

ಅವರ ದೂರು ಇಷ್ಟೇ. "ಊಟ ಮೊದಲಿನಷ್ಟೇ ಮೇಡಂ. ಎಂತದೂ ಜಾಸ್ತಿ ಮಾಡಿಲ್ಲ. ಮೇಲಿಂದ ದಿನಾ ಬೆಳಿಗ್ಗೆ ಅಜ್ಜರಕಾಡಿಗೆ ವಾಕಿಂಗ್ ಹೋಗ್ತೇನೆ. ಮತ್ತೆ ಈ ಹೊಟ್ಟೆ ಎಲ್ಲಿಂದ ಬಂತು?"

ಅವರು ಹೇಳಿದ್ದು ನಿಜವಾ?

ಈ ಮಾತನ್ನು ನಮ್ಮ ಕೆಲಸದಲ್ಲಿ ದಿನಾ ಕೇಳುತ್ತೇವೆ. ಸುಲಭಕ್ಕೆ ನಂಬುವುದಿಲ್ಲ. ಅದಕ್ಕೆ ಕಾರಣವೂ ಇದೆ. 1992ರಲ್ಲಿ ಅಮೆರಿಕದಲ್ಲಿ, ಎಷ್ಟು ಕಮ್ಮಿ ತಿಂದರೂ ಇಳಿಯುವುದಿಲ್ಲ ಎನ್ನುತ್ತಿದ್ದ ಒಂದಿಷ್ಟು ಜನರನ್ನು ಸರಿಯಾಗಿ ಅಳೆದು ನೋಡಿದರು. ಅವರು ತಿಂದದ್ದನ್ನು 47 ಶೇಕಡಾ ಕಮ್ಮಿ ಮಾಡಿ ಹೇಳಿದ್ದರು, ಮೈ ಆಡಿಸಿದ್ದನ್ನು 51 ಶೇಕಡಾ ಜಾಸ್ತಿ ಮಾಡಿ ಹೇಳಿದ್ದರು. ಸುಳ್ಳು ಹೇಳಬೇಕೆಂದು ಅಲ್ಲ. ಬಾಯಿಗೆ ಹೋದದ್ದು ಯಾರಿಗೂ ಪೂರ್ತಿ ನೆನಪಿರುವುದಿಲ್ಲ.

ಹಾಗಾಗಿ ಅವರ ಊಟವನ್ನು ಎರಡು ಸಲ ಬರೆಸಿದೆ. ಒಮ್ಮೆ ಈಗಿನದು, ಒಮ್ಮೆ ಬಸ್ಸಿನಲ್ಲಿದ್ದಾಗಿನದು. ಹಳೆಯದನ್ನು ಬರೆಯುವಾಗ ಅವರ ಹೆಂಡತಿಯೂ ಕೂತಿದ್ದರು. ಗಂಡಸರ ಊಟದ ಲೆಕ್ಕ ಹೆಂಡತಿ ಎದುರಲ್ಲಿದ್ದರೆ ಹೆಚ್ಚು ಸರಿಯಾಗಿ ಬರುತ್ತದೆ ಎನ್ನುವುದು ನನ್ನ ಅನುಭವ.

ಈಗಿನದು: ಬೆಳಿಗ್ಗೆ ಇಡ್ಲಿಯೋ ನೀರುದೋಸೆಯೋ ಮನೆಯಲ್ಲೇ. ಮಧ್ಯಾಹ್ನ ಕುಚ್ಚಲಕ್ಕಿ ಅನ್ನ 5 ಸೌಟು, ಮೀನುಸಾರು, ಸಿಕ್ಕಿದರೆ ಬಂಗುಡೆ ಫ್ರೈ. ರಾತ್ರಿ 4 ಸೌಟು ಅನ್ನ, ಅದೇ ಸಾರು. ಆಫೀಸಿಗೆ ಯಾರು ಬಂದರೂ ಚಾ ಬರುತ್ತದೆ. ದಿನಕ್ಕೆ 5 ಚಾ, ಒಂದೊಂದಕ್ಕೆ 2 ಚಮಚ ಸಕ್ಕರೆ. ದಿನ ಬಿಟ್ಟು ದಿನ ಸಂಜೆ ಒಂದು ಪ್ಲೇಟ್ ಗೋಳಿಬಜೆ.

ಹಳೆಯದು: ಅನ್ನ ಅಷ್ಟೇ. ಸಾರು ಅಷ್ಟೇ. ಚಾ 3 ಮಾತ್ರ, ಏಕೆಂದರೆ ಟ್ರಿಪ್ ಮುಗಿದು ಮುಂದಿನ ಟೈಮ್ ಆಗುವುದರೊಳಗೆ ಕುಡಿಯಬೇಕಿತ್ತು. ಆದರೆ ಕೊನೆ ಟ್ರಿಪ್ ಮುಗಿಸಿ ಡ್ರೈವರ್ ಜತೆ ಪರೋಟ ಆಮ್ಲೆಟ್ ತಿನ್ನುವ ಅಭ್ಯಾಸ ಇತ್ತು. ಆಫೀಸಿಗೆ ಬಂದ ಮೇಲೆ ಅದು ನಿಂತಿತು.

ಎರಡನ್ನೂ ಕೂಡಿಸಿದರೆ ಹತ್ತಿರ ಹತ್ತಿರ ಒಂದೇ ಸಂಖ್ಯೆ ಬಂತು. ದಿನಕ್ಕೆ ಸುಮಾರು 2,450 ಕ್ಯಾಲರಿ. ಹೋದ ಪರೋಟದ ಜಾಗಕ್ಕೆ ಚಾ ಮತ್ತು ಗೋಳಿಬಜೆ ಬಂದಿತ್ತು, ಅಷ್ಟೇ. ನೆನಪಿನಿಂದ ಬರೆಸಿದ ಲೆಕ್ಕ ಇದು, ನೂರಿನ್ನೂರು ಆಚೀಚೆ ಇದ್ದೀತು. ಆದರೂ ಮನುಷ್ಯ ಸುಮ್ನೆ ಹೇಳಿದ್ದಲ್ಲ. ಊಟ ಮೊದಲಿನಷ್ಟೇ ಇತ್ತು. ತೊಂದರೆ ಇದ್ದದ್ದೂ ಅದರಲ್ಲೇ.

ಬಸ್ಸಿನಲ್ಲಿ ಹೋಗುತ್ತಿದ್ದದ್ದು ಎಷ್ಟು?

ನಮ್ಮ ಕಡೆಯ ಸರ್ವಿಸ್ ಬಸ್ಸಿನ ಕಂಡಕ್ಟರ್ ಕೆಲಸವನ್ನು ಯಾರೂ ವ್ಯಾಯಾಮ ಎನ್ನುವುದಿಲ್ಲ. ಕಂಡಕ್ಟರಿಗೂ ಹಾಗೆ ಅನಿಸುವುದಿಲ್ಲ. ಆದರೆ ನೋಡಿ. ಉಡುಪಿಯಿಂದ ಮಂಗಳೂರಿಗೆ 55 ಕಿಲೋಮೀಟರ್‌ಗೂ ಮಿಕ್ಕಿ ದಾರಿ. ಕಟಪಾಡಿ, ಕಾಪು, ಪಡುಬಿದ್ರಿ, ಮೂಲ್ಕಿ, ಸುರತ್ಕಲ್, ಕೂಳೂರು. ಪ್ರತಿ ಸ್ಟಾಪಿನಲ್ಲೂ ಮೆಟ್ಟಿಲು ಇಳಿದು ಜನ ಹತ್ತಿಸಿ, "ರೈಟ್ ಪೋಯಿ" ಎಂದು ಓಡುವ ಬಸ್ಸಿಗೆ ಹಾರಿ, ಮುಂದಿನಿಂದ ಹಿಂದಿನವರೆಗೆ ನುಗ್ಗಿ ಟಿಕೆಟ್ ಕೊಟ್ಟು, ಪುನಃ ಬಾಗಿಲಿಗೆ. ಯಾರದೋ ಅಕ್ಕಿ ಮೂಟೆ ಹಿಂದೆ ಹಾಕಬೇಕು. ಸ್ಟ್ಯಾಂಡಿನಲ್ಲಿ ಟೈಮ್ ಕೀಪರ್ ಹತ್ತಿರ ಓಡಬೇಕು. ಸೀಟು ಖಾಲಿ ಇದ್ದರೂ ಕೂರುವ ಹಾಗಿಲ್ಲ. ಬಸ್ಸು ತಿರುಗಿದಾಗಲೆಲ್ಲ ಕಾಲು, ಸೊಂಟ ಎರಡೂ ಬಿಗಿ ಹಿಡಿದು ನಿಲ್ಲಬೇಕು. ದಿನಕ್ಕೆ ಹೋಗಿ ಬರುವ 3 ಟ್ರಿಪ್ ಎಂದರೆ ಎಂಟೊಂಬತ್ತು ಗಂಟೆ ಇದೇ ಕೆಲಸ.

ಸುಮ್ಮನೆ ಕೂತಾಗ ದೇಹ ಸುಡುವ ಶಕ್ತಿಯನ್ನು 1 ಮೆಟ್ ಎಂದು ಇಟ್ಟುಕೊಳ್ಳುತ್ತಾರೆ. ಅಂದರೆ ಒಂದು ಕೆ.ಜಿ. ತೂಕಕ್ಕೆ ಒಂದು ಗಂಟೆಗೆ ಸುಮಾರು 1 ಕ್ಯಾಲರಿ. ಮೇಜಿನ ಕೆಲಸ ಒಂದೂವರೆ ಮೆಟ್ ಒಳಗೆ. ನಿಂತು ಓಡಾಡುವ ಹಗುರ ಕೆಲಸ ಎರಡೂವರೆ, ಮೂರು. ವ್ಯತ್ಯಾಸ ಬರೀ 1 ಮೆಟ್ ಎಂದೇ ಹಿಡಿಯೋಣ. 66 ಕೆ.ಜಿ. ಮನುಷ್ಯ, 8 ಗಂಟೆ. ಗುಣಿಸಿದರೆ 528. ಆಫೀಸಿನ ಕುರ್ಚಿಗೆ ಬಂದ ದಿನದಿಂದ ಇಷ್ಟು ಖರ್ಚು ನಿಂತುಹೋಯಿತು.

ಅದರ ಜಾಗಕ್ಕೆ ಬಂದದ್ದು ಅಜ್ಜರಕಾಡಿನ ಅರ್ಧ ಗಂಟೆ ವಾಕಿಂಗ್. ಚುರುಕಾಗಿ ನಡೆದರೆ ಮೂರೂವರೆ ಮೆಟ್. ಕೂತಿದ್ದರೂ ಖರ್ಚಾಗುತ್ತಿದ್ದ 1 ಮೆಟ್ ಕಳೆದರೆ ಉಳಿಯುವುದು ಎರಡೂವರೆ. 80 ಕೆ.ಜಿ. ದೇಹ, ಅರ್ಧ ಗಂಟೆ. ಬರುವುದು 100 ಕ್ಯಾಲರಿ. ನಮ್ಮ ಮಂಗಳೂರು ಬನ್ಸ್ ಒಂದರಲ್ಲಿ ಹೆಚ್ಚು ಕಮ್ಮಿ 200 ಇರುತ್ತದೆ. ವಾಕಿಂಗ್ ಗುಂಪಿನವರು ಭಾನುವಾರ ನಡೆದು ಮುಗಿಸಿ ನೇರ ಹೋಟೆಲಿಗೆ ಹೋಗಿ ಜೋಡಿ ಬನ್ಸ್ ತಿನ್ನುತ್ತಾರೆ ಎಂದು ಅವರೇ ನಗುತ್ತಾ ಹೇಳಿದರು.

ಈ ಗುಣಾಕಾರವನ್ನು ಪೈಸೆ ಪೈಸೆ ನಂಬಬಾರದು, ಅದನ್ನೂ ಹೇಳಬೇಕು. 2012ರಲ್ಲಿ ಹರ್ಮನ್ ಪಾಂಟ್ಜರ್ ಮತ್ತು ಜತೆಗಾರರು ತಾಂಜಾನಿಯಾದ ಹಾಡ್ಜಾ ಜನರನ್ನು ಅಳೆದರು. ಬೇಟೆಯಾಡಿ, ಗೆಡ್ಡೆ ಅಗೆದು, ದಿನವಿಡೀ ನಡೆಯುವವರು. ದೇಹದ ಗಾತ್ರ ಲೆಕ್ಕಕ್ಕೆ ಹಿಡಿದರೆ ಅವರು ದಿನಕ್ಕೆ ಸುಡುವ ಶಕ್ತಿ ಅಮೆರಿಕ, ಯುರೋಪಿನ ಜನರಷ್ಟೇ ಇತ್ತು. ಒಂದು ಕಡೆ ಜಾಸ್ತಿ ಖರ್ಚಾದರೆ ದೇಹ ಇನ್ನೊಂದು ಕಡೆ ಕೈ ಬಿಗಿ ಹಿಡಿಯುತ್ತದೆ. ಹಾಗಾಗಿ 528 ಎನ್ನುವುದು ನಿಜದಲ್ಲಿ 400 ಇರಬಹುದು, 350 ಇರಬಹುದು.

ಈಗ ಇನ್ನೊಂದು ಲೆಕ್ಕ. ಒಂದು ಕೆ.ಜಿ. ಕೊಬ್ಬಿಗೆ 7,700 ಕ್ಯಾಲರಿ ಎಂದು ಎಲ್ಲರೂ ಹೇಳುತ್ತಾರೆ. ದಿನಕ್ಕೆ 400 ಉಳಿದರೆ ವರ್ಷಕ್ಕೆ 19 ಕೆ.ಜಿ. ಎರಡೂವರೆ ವರ್ಷಕ್ಕೆ ಇವರು 113 ಕೆ.ಜಿ. ಆಗಬೇಕಿತ್ತು! ಆಗಲಿಲ್ಲ. ಯಾಕೆಂದರೆ ಮೈ ದಪ್ಪ ಆದ ಹಾಗೆ ಆ ಮೈಯನ್ನು ಹೊತ್ತು ತಿರುಗುವ ಖರ್ಚೂ ಏರುತ್ತದೆ. ಅಮೆರಿಕದ ಕೆವಿನ್ ಹಾಲ್ ಮತ್ತು ಜತೆಗಾರರು 2011ರಲ್ಲಿ ಇದನ್ನು ಲೆಕ್ಕ ಹಾಕಿ ತೋರಿಸಿದರು. ದಿನಕ್ಕೆ ಸುಮಾರು 24 ಕ್ಯಾಲರಿ ಕಾಯಂ ಆಗಿ ಜಾಸ್ತಿಯಾದರೆ ಕಡೆಗೆ 1 ಕೆ.ಜಿ. ಏರುತ್ತದೆ. ಅದರ ಅರ್ಧ ಮೊದಲ ವರ್ಷದಲ್ಲಿ, 95 ಶೇಕಡಾ ಮೂರು ವರ್ಷದೊಳಗೆ. ಇವರ 15 ಕೆ.ಜಿ.ಯನ್ನು 24ರಿಂದ ಗುಣಿಸಿ ನೋಡಿ. 360. ಆಫೀಸಿಗೆ ಬಂದು ಒಂದು ವರ್ಷವಾದಾಗ ವಿಮೆಗಾಗಿ ತಪಾಸಣೆ ಮಾಡಿಸಿದ್ದರು, ಆ ಕಾಗದದಲ್ಲಿ ತೂಕ 74 ಎಂದಿತ್ತು. ಅಂದರೆ ಮೊದಲ ವರ್ಷ 8, ಮುಂದಿನ ಒಂದೂವರೆ ವರ್ಷದಲ್ಲಿ 7. ಏರಿಕೆ ನಿಧಾನವಾಗುತ್ತಾ ಬಂದಿತ್ತು. ಇಷ್ಟು ಚೆನ್ನಾಗಿ ತಾಳೆಯಾಗುವ ಪ್ರಕರಣ ನನಗೆ ಸಿಗುವುದು ಅಪರೂಪ.

ಹಸಿವು ಯಾಕೆ ಕಮ್ಮಿಯಾಗಲಿಲ್ಲ?

ಅವರ ಹೆಂಡತಿ ಕೇಳಿದ ಪ್ರಶ್ನೆ ಇದು. "ಕೆಲಸ ಕಮ್ಮಿಯಾದರೆ ಹಸಿವೂ ಕಮ್ಮಿಯಾಗಬೇಕಲ್ವಾ?" ಎಂದರು. ಒಳ್ಳೆಯ ಪ್ರಶ್ನೆ.

ಇದಕ್ಕೆ ಉತ್ತರ ನಮ್ಮ ದೇಶದಲ್ಲೇ ಸಿಕ್ಕಿದೆ. ಪಶ್ಚಿಮ ಬಂಗಾಳದ ಒಂದು ಸೆಣಬಿನ ಗಿರಣಿಯ 213 ಕೆಲಸಗಾರರ ಊಟ, ಕೆಲಸ, ತೂಕವನ್ನು ಜೀನ್ ಮೇಯರ್ ಮತ್ತು ಜತೆಗಾರರು ಅಳೆದು 1956ರಲ್ಲಿ ಪ್ರಕಟಿಸಿದರು. ಹಗುರ ಕೆಲಸದಿಂದ ಭಾರದ ಕೆಲಸದವರೆಗೆ ನೋಡಿದರೆ, ಕೆಲಸ ಏರಿದ ಹಾಗೆ ಊಟವೂ ಏರುತ್ತಿತ್ತು, ತೂಕ ಮಾತ್ರ ಹೆಚ್ಚು ಕಮ್ಮಿ ಒಂದೇ. ಇದು ನಾವು ಅಂದುಕೊಂಡ ಹಾಗೆಯೇ. ಆದರೆ ಪೂರ್ತಿ ಕೂತೇ ಇರುವವರ ಲೆಕ್ಕ ಬೇರೆ ಇತ್ತು. ಅವರು ಹಗುರ ಕೆಲಸದವರಿಗಿಂತ ಜಾಸ್ತಿ ತಿನ್ನುತ್ತಿದ್ದರು. ಹೆಚ್ಚಿನ ತೂಕವೂ ಅವರದ್ದೇ. ದೇಹ ಒಂದಿಷ್ಟು ಆಡುತ್ತಿದ್ದರೆ ಮಾತ್ರ ಹಸಿವು ಖರ್ಚಿಗೆ ತಕ್ಕ ಹಾಗೆ ನಡೆಯುತ್ತದೆ. ಆ ಗಡಿಯಿಂದ ಕೆಳಗೆ ಇಳಿದರೆ ಹಸಿವಿಗೆ ಲೆಕ್ಕ ತಪ್ಪುತ್ತದೆ. ನಮ್ಮ ಕಂಡಕ್ಟರ್ ಆ ಗಡಿ ದಾಟಿ ಕೆಳಗೆ ಬಂದಿದ್ದರು.

ಕಂಡಕ್ಟರ್ ಎಂದ ಕೂಡಲೇ ವೈದ್ಯರಿಗೆ ಲಂಡನ್ ನೆನಪಾಗುತ್ತದೆ. 1953ರಲ್ಲಿ ಜೆರ್ರಿ ಮಾರಿಸ್ ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸುಗಳ ಡ್ರೈವರು, ಕಂಡಕ್ಟರುಗಳನ್ನು ಹೋಲಿಸಿ ಬರೆದರು. ಇಡೀ ದಿನ ಮೆಟ್ಟಿಲು ಹತ್ತಿ ಇಳಿಯುವ ಕಂಡಕ್ಟರುಗಳಿಗೆ ಹೃದಯಾಘಾತ ಕಮ್ಮಿ, ಕೂತು ಓಡಿಸುವ ಡ್ರೈವರುಗಳಿಗೆ ಜಾಸ್ತಿ. ವ್ಯಾಯಾಮದ ವಿಜ್ಞಾನ ಶುರುವಾದದ್ದೇ ಅಲ್ಲಿಂದ ಎನ್ನಬಹುದು. ಆದರೆ ತೂಕದ ವಿಷಯಕ್ಕೆ ಬಂದರೆ ಅದರಲ್ಲೊಂದು ಸಿಕ್ಕು ಉಂಟು. 1956ರಲ್ಲಿ ಅದೇ ತಂಡ ಬಸ್ಸಿನವರ ಯೂನಿಫಾರ್ಮ್ ಪ್ಯಾಂಟಿನ ಅಳತೆ ತೆಗೆದು ನೋಡಿತು. ಡ್ರೈವರುಗಳ ಸೊಂಟ ದೊಡ್ಡದು, ಸರಿ. ಆದರೆ ಚಿಕ್ಕ ವಯಸ್ಸಿನ ಡ್ರೈವರುಗಳದ್ದೂ ದೊಡ್ಡದೇ ಇತ್ತು. ಹಾಗಾದರೆ ಕೂತು ದಪ್ಪ ಆದರಾ, ದಪ್ಪ ಇದ್ದವರೇ ಡ್ರೈವರ್ ಆದರಾ? ನನ್ನ ಎದುರು ಕೂತಿದ್ದ ಮನುಷ್ಯನ ವಿಷಯದಲ್ಲಿ ಈ ಗೊಂದಲ ಇರಲಿಲ್ಲ. ನಿಂತವರೂ ಅವರೇ, ಕೂತವರೂ ಅವರೇ.

"40 ದಾಟಿದರೆ ಎಲ್ಲರಿಗೂ ಹಾಗೆಯೇ" ಎಂದು ಆಫೀಸಿನಲ್ಲಿ ಯಾರೋ ಅವರಿಗೆ ಸಮಾಧಾನ ಹೇಳಿದ್ದರು. ವಯಸ್ಸಿನ ಮೇಲೆ ಹಾಕುವುದು ಸುಲಭ. 2021ರಲ್ಲಿ ಹಲವು ದೇಶಗಳ 6,400ಕ್ಕೂ ಹೆಚ್ಚು ಜನರ ಅಳತೆ ಒಟ್ಟು ಸೇರಿಸಿ ನೋಡಿದಾಗ, ದೇಹದ ಗಾತ್ರ ಲೆಕ್ಕಕ್ಕೆ ಹಿಡಿದರೆ 20ರಿಂದ 60ರ ವರೆಗೆ ದೇಹ ಸುಡುವ ಶಕ್ತಿಯಲ್ಲಿ ಹೇಳುವಂಥ ಬದಲಾವಣೆಯೇ ಕಾಣಲಿಲ್ಲ. 38ನೇ ವಯಸ್ಸಿನಲ್ಲಿ ಇವರಿಗೆ ಬದಲಾದದ್ದು ಕೂರುವ ಜಾಗ.

ಇನ್ನೊಂದು ತಕರಾರೂ ಬಂತು. ಮಾಲೀಕರ ತಮ್ಮ ಅದೇ ಆಫೀಸಿನಲ್ಲಿ ಕೂರುತ್ತಾರೆ, ಅವರು ಸಪೂರವೇ ಇದ್ದಾರೆ, ಅದು ಹೇಗೆ? ಇದಕ್ಕೂ ಒಂದು ಹಳೆಯ ಪ್ರಯೋಗ ಇದೆ. 1999ರಲ್ಲಿ ಜೇಮ್ಸ್ ಲೆವಿನ್ ತಂಡ 16 ಜನರಿಗೆ 8 ವಾರ ದಿನಕ್ಕೆ 1,000 ಕ್ಯಾಲರಿ ಜಾಸ್ತಿ ತಿನ್ನಿಸಿತು. ಒಬ್ಬರಿಗೆ ಕೊಬ್ಬು ಏರಿದ್ದು 0.36 ಕೆ.ಜಿ., ಇನ್ನೊಬ್ಬರಿಗೆ 4.23. ಏರದವರು ತಮಗೇ ಗೊತ್ತಿಲ್ಲದೆ ಜಾಸ್ತಿ ಅಲುಗಾಡುತ್ತಿದ್ದರು. ಎದ್ದು ಕೂರುವುದು, ಕಾಲು ಕುಣಿಸುವುದು, ಮಾತಾಡುತ್ತಾ ಅಡ್ಡಾಡುವುದು. ಆ ತಮ್ಮ ಫೋನ್ ಬಂದರೆ ಕೂತು ಮಾತಾಡುವವರಾ ಎಂದು ಕೇಳಿದೆ. "ಇಲ್ಲ, ಅಂಗಳಕ್ಕೇ ಹೋಗ್ತಾರೆ, ಫೋನ್ ಇಡುವವರೆಗೆ ತಿರುಗ್ತಾ ಇರ್ತಾರೆ" ಎಂದರು.

ಬಟ್ಟಲಿನಲ್ಲಿ ಏನು ಮುಟ್ಟಿದೆವು, ಏನು ಮುಟ್ಟಲಿಲ್ಲ

ವಾಕಿಂಗ್ ಜಾಸ್ತಿ ಮಾಡಿ ಹೋದ ಖರ್ಚನ್ನು ವಾಪಸ್ ತರಬೇಕಾದರೆ ಅರ್ಧ ಗಂಟೆಯ ಮೇಲೆ ಇನ್ನೂ ಎರಡು ಗಂಟೆ ನಡೆಯಬೇಕು. ಕೆಲಸಕ್ಕೆ ಹೋಗುವವರಿಗೆ ಅದು ಆಗುವ ಮಾತಲ್ಲ. ಇಳಿಸುವ ಕೆಲಸ ಊಟದಿಂದಲೇ ಆಗಬೇಕು ಎಂದು ಹೇಳಿದೆ. ಅವರ ಮುಖ ಸಣ್ಣದಾಯಿತು. ಮೀನು ಬಿಡಬೇಕಾ ಎಂದು ಮೊದಲು ಕೇಳಿದ್ದು ಹೆಂಡತಿ.

ಮೀನು ಬಿಡುವುದು ಬೇಡ. ಸಾರಿಗೆ ಹಾಕುವ ತೆಂಗಿನಕಾಯಿಯನ್ನೂ ಮುಟ್ಟಲಿಲ್ಲ. ಕಾಯಿಯಲ್ಲಿ ಕ್ಯಾಲರಿ ಇಲ್ಲ ಎಂದಲ್ಲ, 100 ಗ್ರಾಂ ಹಸಿ ಕಾಯಿಯಲ್ಲಿ 350ರಷ್ಟು ಇರುತ್ತದೆ. ಆದರೆ ಕಾಯಿ ತೆಗೆದರೆ ಬಂಗುಡೆ ಗಸಿ ಹೋಗುತ್ತದೆ, ಗಸಿ ಹೋದರೆ ಇಡೀ ಮನೆಗೆ ಊಟ ಸೇರುವುದಿಲ್ಲ, ಎರಡು ವಾರದಲ್ಲಿ ನನ್ನ ಚೀಟಿ ಕಸದ ಬುಟ್ಟಿಗೆ ಹೋಗುತ್ತದೆ. ನಮ್ಮ ಕರಾವಳಿಯ ಅಡುಗೆಯಿಂದ ಕಾಯಿ ಕಿತ್ತುಹಾಕುವ ಡಯಟ್ ಚೀಟಿಗಳನ್ನು ನೋಡಿದಾಗಲೆಲ್ಲ, ಬರೆದವರು ಇಲ್ಲಿ ಊಟ ಮಾಡಿದ್ದಾರಾ ಎಂದು ನನಗೆ ಅನುಮಾನ ಬರುತ್ತದೆ.

ಮುಟ್ಟಿದ್ದು ಅನ್ನ. ಅವರ ಮನೆಯ ಸೌಟಿನಲ್ಲಿ ಒಂದು ಸಲಕ್ಕೆ ಬರುವ ಅನ್ನ ತೂಗಿ ನೋಡಲು ಹೇಳಿದ್ದೆ. 110 ಗ್ರಾಂ ಬಂತು. ಸುಮಾರು 130 ಕ್ಯಾಲರಿ. ದಿನಕ್ಕೆ 9 ಸೌಟು ಎಂದರೆ ಅನ್ನದಿಂದಲೇ 1,170. ಕುಚ್ಚಲಕ್ಕಿ ಅಲ್ವಾ, ಅದರಿಂದ ತೂಕ ಏರುವುದಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿ ಇದೆ. ಕುಚ್ಚಲಕ್ಕಿಯಲ್ಲಿ ಬಿ ವಿಟಮಿನ್ ಬೆಳ್ತಿಗೆ ಎನ್ನುವ ಬಿಳಿ ಅಕ್ಕಿಗಿಂತ ಜಾಸ್ತಿ ಉಳಿದಿರುತ್ತದೆ, ನಿಜ. ಆದರೆ ಕ್ಯಾಲರಿಯಲ್ಲಿ ಎರಡಕ್ಕೂ ಹೇಳುವಂಥ ವ್ಯತ್ಯಾಸ ಇಲ್ಲ.

ಮಧ್ಯಾಹ್ನ 5 ಸೌಟನ್ನು 4ಕ್ಕೆ ಇಳಿಸಿದೆವು. ಬಿಟ್ಟ ಒಂದು ಸೌಟಿನ ಜಾಗಕ್ಕೆ ಪಲ್ಯ. ತೊಂಡೆಕಾಯಿ, ಅಲಸಂಡೆ, ಬಸಳೆ, ಏನಿದ್ದರೂ ಸರಿ. ರಾತ್ರಿಗೆ ಅನ್ನದ ಬದಲು ಗಂಜಿ. ಅಕ್ಕಿ ಅದೇ, ಆದರೆ ನೀರು ಜತೆಗಿರುವುದರಿಂದ ಎರಡೂವರೆ ಸೌಟು ಅನ್ನ ದೊಡ್ಡ ಬಟ್ಟಲು ತುಂಬುತ್ತದೆ. ಬಿಸಿ ಗಂಜಿಯನ್ನು ಬೇಗ ಬೇಗ ನುಂಗಲೂ ಆಗುವುದಿಲ್ಲ. ಜತೆಗೆ ಮೀನೋ, ಮೊಟ್ಟೆಯೋ, ಹೆಸರು ಪಲ್ಯವೋ ಒಂದು ಇರಲೇಬೇಕು ಎಂದೆ. ತೂಕ ಇಳಿಯುವಾಗ ಕೊಬ್ಬಿನ ಜತೆ ಮಾಂಸಖಂಡವೂ ಹೋಗುತ್ತದೆ. ಅದನ್ನು ಉಳಿಸಿಕೊಳ್ಳಲು ಪ್ರೋಟೀನ್ ಬೇಕು. ಇದರ ಜತೆಗೆ ದಿನಾ ಕುರ್ಚಿಯಿಂದ ಕೈ ಊರದೆ ಏಳುವುದು, ಗೋಡೆಗೆ ಕೈ ಕೊಟ್ಟು ತಳ್ಳುವುದು, ಇಂಥ ಒಂದೆರಡು ಸರಳ ಕಸರತ್ತು.

ಚಾ 5ರಿಂದ 3ಕ್ಕೆ, ಸಕ್ಕರೆ ಒಂದೊಂದೇ ಚಮಚ. ಅಷ್ಟರಲ್ಲೇ 190ರಷ್ಟು ಉಳಿಯಿತು. ಗೋಳಿಬಜೆ ವಾರಕ್ಕೆ ಒಂದು ದಿನ, ಉಳಿದ ದಿನ ಹಸಿವಾದರೆ ಬೇಯಿಸಿದ ಕಡಲೆ ಅಥವಾ ಬಾಳೆಹಣ್ಣು.

ಎಣ್ಣೆಯ ಲೆಕ್ಕ ತೆಗೆಯಲು ನಾನು ಚಮಚ ಕೇಳುವುದಿಲ್ಲ. ತಿಂಗಳಿಗೆ ಎಷ್ಟು ಲೀಟರ್ ತರುತ್ತೀರಿ ಎಂದು ಕೇಳುತ್ತೇನೆ. ನಾಲ್ಕು ಜನರ ಮನೆಗೆ 5 ಲೀಟರ್ ತೆಂಗಿನೆಣ್ಣೆ ಬರುತ್ತಿತ್ತು. ಒಬ್ಬರಿಗೆ ದಿನಕ್ಕೆ 38 ಗ್ರಾಂ. ಎಣ್ಣೆ ಯಾವುದೇ ಇರಲಿ, ಗ್ರಾಂಗೆ 9 ಕ್ಯಾಲರಿ. ತಿಂಗಳಿಗೆ ಮೂರೂವರೆ ಲೀಟರ್ ಮಾತ್ರ ತರುವುದು ಎಂದು ಮಾತಾಯಿತು. ರವೆ ಹಚ್ಚಿ ಎಣ್ಣೆಯಲ್ಲಿ ಮುಳುಗಿಸುವ ಬದಲು ಕಾವಲಿಯಲ್ಲಿ ಮಸಾಲೆ ಹಚ್ಚಿ ಕಾಯಿಸುವುದು, ಕೆಲವೊಮ್ಮೆ ಬಾಳೆಎಲೆಯಲ್ಲಿ ಸುತ್ತಿ. ಈ ಎಲೆಯ ಉಪಾಯ ಅವರ ಹೆಂಡತಿಯದ್ದು. ಈಗ ಅದನ್ನು ನಾನು ಬೇರೆಯವರಿಗೂ ಹೇಳುತ್ತೇನೆ.

ಹೀಗೆ ಕಮ್ಮಿಯಾದದ್ದು, ಹೊಸದಾಗಿ ಸೇರಿದ್ದು ಎರಡನ್ನೂ ಕೂಡಿಸಿ ಕಳೆದರೆ, ಹಾಳೆಯ ಮೇಲೆ ದಿನಕ್ಕೆ 500ರಷ್ಟು ಕಮ್ಮಿ. ನಿಜದಲ್ಲಿ 400ಕ್ಕಿಂತ ಜಾಸ್ತಿ ಉಳಿದಿರಲಿಕ್ಕಿಲ್ಲ.

ಮೇ ತಿಂಗಳು, ಆಮೇಲೆ ಆಟಿ

ಮೊದಲ ಎರಡು ತಿಂಗಳಲ್ಲಿ 3 ಕೆ.ಜಿ. ಇಳಿಯಿತು. ಏಪ್ರಿಲ್, ಮೇ ಎಂದರೆ ನಮ್ಮಲ್ಲಿ ಮದುವೆ, ನೇಮ, ಬ್ರಹ್ಮಕಲಶ. ವಾರಕ್ಕೆರಡು ಕಡೆ ಬಾಳೆಲೆ ಊಟ. ಇಳಿಕೆ ನಿಲ್ಲುತ್ತದೆ ಎಂದೇ ಅಂದುಕೊಂಡಿದ್ದೆ. ನಿಲ್ಲಲಿಲ್ಲ. ಮೇ ಕೊನೆಗೆ 75.5.

ಕಾರಣ ಕೇಳಿದರೆ ಮಜಾ ಇದೆ. ಆ ಎರಡು ತಿಂಗಳು ಕಂಡಕ್ಟರುಗಳೆಲ್ಲ ರಜೆ ಹಾಕುತ್ತಾರೆ, ಅವರ ಮನೆಯಲ್ಲೂ ಮದುವೆ ನೇಮ ಅಲ್ವಾ. ಡ್ಯೂಟಿಗೆ ಜನ ಇಲ್ಲ. ಡ್ಯೂಟಿ ಹಾಕುವವರು ಇವರೇ. ಹಾಗಾಗಿ ಶನಿವಾರ, ಭಾನುವಾರ ಬದಲಿ ಕಂಡಕ್ಟರ್ ಆಗಿ ತಾವೇ ಹತ್ತಿದರು. ವಾಕಿಂಗ್ ಜಾಸ್ತಿ ಮಾಡಿ ಎಂದರೆ ಸಮಯ ಇಲ್ಲ ಎಂದಿದ್ದವರು, ಬಸ್ಸಿನಲ್ಲಿ ಎಂಟು ಗಂಟೆ ನಿಂತು ಬಂದು "ಹಗುರ ಆಯ್ತು ಮೇಡಂ" ಎನ್ನುತ್ತಿದ್ದರು. ಆ ದಿನಗಳಲ್ಲಿ ಎಷ್ಟು ಹೆಜ್ಜೆ ಆಗುತ್ತದೆ ಎಂದು ಅವರ ಫೋನಿನಲ್ಲಿ ನೋಡಿದೆ. ದೊಡ್ಡ ದೊಡ್ಡ ಸಂಖ್ಯೆಗಳು. ಆದರೆ ಅದನ್ನು ಇಲ್ಲಿ ಬರೆಯುವುದಿಲ್ಲ. ಬಸ್ಸಿನ ಕುಲುಕಾಟವನ್ನೂ ಫೋನ್ ಹೆಜ್ಜೆ ಎಂದು ಎಣಿಸಬಹುದು, ನಂಬುವ ಹಾಗಿಲ್ಲ.

ಜೂನ್ ಬಂತು. ಮಳೆ ಹಿಡಿದರೆ ನಮ್ಮಲ್ಲಿ ಬೆಳಗಿನ ವಾಕಿಂಗ್ ಮುಗಿಯಿತು ಎಂದೇ ಲೆಕ್ಕ. ಮದುವೆ ಕಾಲ ಮುಗಿದು ಕಂಡಕ್ಟರುಗಳು ಕೆಲಸಕ್ಕೆ ವಾಪಸ್, ಹಾಗಾಗಿ ಬದಲಿ ಡ್ಯೂಟಿಯೂ ಇಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ, ಮಲ್ಪೆ ಬಂದರು ಖಾಲಿ. ಹಸಿ ಮೀನು ಸಿಕ್ಕಿದರೂ ರೇಟು ಕೇಳುವ ಹಾಗಿಲ್ಲ. ಬಟ್ಟಲಿನಲ್ಲಿದ್ದ ಪ್ರೋಟೀನ್ ಕಮ್ಮಿಯಾಗಿ ಅದರ ಜಾಗಕ್ಕೆ ಒಣಮೀನಿನ ಚಟ್ನಿ, ಉಪ್ಪಿನಕಾಯಿ ಬಂತು. ಅದರ ಜತೆ ಅನ್ನ ಜಾಸ್ತಿ ಇಳಿಯುತ್ತದೆ. ಸಂಜೆ ಹೊರಗೆ ಧೋ ಎಂದು ಮಳೆ, ಒಳಗೆ ಹಲಸಿನ ಹಪ್ಪಳ, ಪೋಡಿ. ಆಟಿ ಎನ್ನುವ ಮಳೆಗಾಲದ ತುಳು ತಿಂಗಳಲ್ಲಿ ಪತ್ರೊಡೆ. ಇದನ್ನೆಲ್ಲ ಬೇಡ ಎನ್ನಲು ನನಗೂ ಮನಸ್ಸು ಬರಲಿಲ್ಲ.

ಜುಲೈಯಲ್ಲಿ ಒಂದು ವಾರ ತೂಕ ಒಂದೂವರೆ ಕೆ.ಜಿ. ಏರಿತು ಎಂದು ಗಾಬರಿಯಾಗಿ ಫೋನ್ ಮಾಡಿದರು. ಹಿಂದಿನ ಮೂರು ದಿನ ಒಣಮೀನು. ಉಪ್ಪು ಜಾಸ್ತಿಯಾದರೆ ದೇಹ ನೀರು ಹಿಡಿಯುತ್ತದೆ, ಅದು ಕೊಬ್ಬಲ್ಲ, ನಾಲ್ಕು ದಿನ ಬಿಟ್ಟು ನೋಡಿ ಎಂದೆ. ಇಳಿಯಿತು. ಆದರೂ ಆಟಿ ಮುಗಿಯುವಾಗ ತೂಕ 76. ಎರಡು ತಿಂಗಳಲ್ಲಿ ಇಳಿದದ್ದು ಏನೂ ಇಲ್ಲ, ಅರ್ಧ ಕೆ.ಜಿ. ಏರಿತ್ತು.

ಆಗ ಮಾಡಿದ್ದು ಎರಡೇ ಬದಲಾವಣೆ. ಮೀನಿಲ್ಲದ ದಿನಕ್ಕೆ ಮೊಟ್ಟೆ, ಹುರುಳಿ ಸಾರು, ಹೆಸರು. ಮತ್ತೆ ಆಫೀಸಿನ ಒಳಗೇ ಒಂದು ಏರ್ಪಾಡು. ಟ್ರಿಪ್ ಶೀಟ್ ತರಲು ಹುಡುಗನನ್ನು ಕಳಿಸುವ ಬದಲು ತಾವೇ ಸ್ಟ್ಯಾಂಡಿನವರೆಗೆ ಹೋಗುವುದು, ಡ್ರೈವರುಗಳ ಜತೆ ಮಾತಾಡುವಾಗ ನಿಂತೇ ಮಾತಾಡುವುದು. ಮಾಲೀಕರಿಗೆ ಇದು ಮೊದಲು ವಿಚಿತ್ರ ಕಂಡಿತಂತೆ.

ಎಲ್ಲಿಗೆ ಬಂತು

ಸೆಪ್ಟೆಂಬರ್ ಕೊನೆಗೆ 73.5 ಕೆ.ಜಿ. ಸೊಂಟ 91. ಖಾಲಿ ಹೊಟ್ಟೆಯ ಸಕ್ಕರೆ 98, ಎಚ್‌ಬಿಎ1ಸಿ 5.6.

ಅವರಿಗೆ ಬೇಕಾದದ್ದು ಹಳೆಯ 66. ಅದಕ್ಕೆ ಹಟ ಹಿಡಿಯುವುದು ಬೇಡ ಎಂದೆ. 2002ರಲ್ಲಿ ಪ್ರಕಟವಾದ ಅಮೆರಿಕದ ಮಧುಮೇಹ ತಡೆ ಪ್ರಯೋಗದಲ್ಲಿ, 7 ಶೇಕಡಾ ತೂಕ ಇಳಿಸುವುದು, ವಾರಕ್ಕೆ 150 ನಿಮಿಷ ಮೈ ಆಡಿಸುವುದು, ಇಷ್ಟೇ ಗುರಿ ಇದ್ದ ಗುಂಪಿನಲ್ಲಿ ಮಧುಮೇಹ ಬರುವುದು 58 ಶೇಕಡಾ ಕಮ್ಮಿಯಾಯಿತು. ಇವರು ಆಗಲೇ 9 ಶೇಕಡಾ ಇಳಿಸಿದ್ದರು. ನಮ್ಮದೇ ಚೆನ್ನೈಯಲ್ಲಿ ಡಾ. ಎ. ರಾಮಚಂದ್ರನ್ ತಂಡ 2006ರಲ್ಲಿ ಪ್ರಕಟಿಸಿದ ಪ್ರಯೋಗ ಇನ್ನೂ ಕುತೂಹಲದ್ದು. ಅಲ್ಲಿ ಊಟ, ನಡಿಗೆ ಬದಲಿಸಿಕೊಂಡ ಗುಂಪಿನವರ ತೂಕ ಹೇಳುವಷ್ಟು ಇಳಿಯಲೇ ಇಲ್ಲ. ಆದರೂ ಮೂರು ವರ್ಷದಲ್ಲಿ ಮಧುಮೇಹದ ಅಪಾಯ 28.5 ಶೇಕಡಾ ಕಮ್ಮಿಯಾಗಿತ್ತು. ಅರ್ಧ ಗಂಟೆಯ ನಡಿಗೆಗೆ 100 ಕ್ಯಾಲರಿ ಮಾತ್ರ ಎಂದು ಮೇಲೆ ಬರೆದದ್ದನ್ನು ಓದಿ ಯಾರಾದರೂ ವಾಕಿಂಗ್ ಬಿಟ್ಟರೆ ನನಗೆ ಬೇಸರವಾಗುತ್ತದೆ. ತಕ್ಕಡಿ ತೋರಿಸದ ಲಾಭಗಳು ಅದರಲ್ಲಿ ತುಂಬಾ ಇವೆ.

ಮುಂದಿನ ಫೆಬ್ರವರಿಯಲ್ಲಿ ಬಂದಾಗ 75 ಇತ್ತು. ಒಂದೂವರೆ ಕೆ.ಜಿ. ವಾಪಸ್. ಚಾ ಪುನಃ 4 ಆಗಿದೆ. ಗಂಜಿ ಮಾತ್ರ ಬಿಟ್ಟಿಲ್ಲ, ಈಗ ಮಕ್ಕಳೂ ಅದನ್ನೇ ಕೇಳುತ್ತಾರಂತೆ. ಇಳಿಸಿದ ತೂಕ ಉಳಿಸಿಕೊಳ್ಳುವುದು ಇಳಿಸುವುದಕ್ಕಿಂತ ಕಷ್ಟ. ಅಮೆರಿಕದಲ್ಲಿ 1994ರಿಂದ, ತುಂಬಾ ತೂಕ ಇಳಿಸಿ ಉಳಿಸಿಕೊಂಡವರ ದಾಖಲೆ ಇಡುತ್ತಾ ಬಂದಿದ್ದಾರೆ. ಅದರಲ್ಲಿರುವವರು ಸರಾಸರಿ ದಿನಕ್ಕೆ ಒಂದು ಗಂಟೆಯಷ್ಟು ಮೈ ಆಡಿಸುತ್ತಾರೆ. ಹಾಗಾಗಿ ಇವರ ವಿಷಯದಲ್ಲಿ ಈಗ ನನ್ನ ಒತ್ತಾಯ ಬಟ್ಟಲಿನ ಮೇಲೆ ಕಮ್ಮಿ, ಕಾಲಿನ ಮೇಲೆ ಜಾಸ್ತಿ.

ಇಳಿದ ತೂಕದಲ್ಲಿ ಗಂಜಿಯ ಪಾಲು ಎಷ್ಟು, ಬದಲಿ ಡ್ಯೂಟಿಯ ಪಾಲು ಎಷ್ಟು ಎಂದು ಈ ಒಬ್ಬರ ಲೆಕ್ಕದಿಂದ ಬಿಡಿಸಿ ಹೇಳಲು ಆಗುವುದಿಲ್ಲ, ಎರಡೂ ಒಟ್ಟಿಗೆ ನಡೆದವು. ಬದಲಿ ಡ್ಯೂಟಿ ನಿಂತು ಊಟವೂ ಸಡಿಲವಾದ ಜೂನ್–ಜುಲೈಯಲ್ಲಿ ಇಳಿಯಲಿಲ್ಲ ಎನ್ನುವುದು ಮಾತ್ರ ನಮ್ಮಿಬ್ಬರಿಗೂ ಕಂಡಿತು. ಮಳೆ ಶುರುವಾಗುವ ಮೊದಲೇ ವಾರಕ್ಕೆ ಒಂದು ದಿನದ ಬದಲಿ ಡ್ಯೂಟಿಯನ್ನು ಕಾಯಂ ಮಾಡಿಸಿಕೊಳ್ಳಬೇಕೆಂದು ಈ ವರ್ಷ ಮಾತಾಗಿದೆ. ಮಾಲೀಕರು ಒಪ್ಪಿದ್ದಾರೆ. ಭಾನುವಾರವೇ ಬೇಕು ಎಂದು ಇವರೇ ಕೇಳಿಕೊಂಡದ್ದು, ಬನ್ಸ್ ಗುಂಪಿನಿಂದ ತಪ್ಪಿಸಿಕೊಳ್ಳಲು ಅದೇ ಸುಲಭದ ದಾರಿಯಂತೆ.